ಅತಿಥಿಯ ಭಾಷಣಕ್ಕೆ ಅಂಕ ಕೊಡುವ ಮೊದಲು ನಾವು ಮಾಡಿದ ಕೆಲಸ

ಪತ್ರಿಕೋದ್ಯಮವನ್ನು ಆಯ್ದುಕೊಂಡ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳಿಗೆ ನಾನು ಭಾಷಣ ಕಲೆಯ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಹೊರಗಿನವರೊಬ್ಬರನ್ನು ತರಗತಿಗೆ ಕರೆಸಿ, ಅವರ ಮಾತುಗಾರಿಕೆಯನ್ನು ವಿದ್ಯಾರ್ಥಿಗಳಿಂದಲೇ ಮೌಲ್ಯಮಾಪನ ಮಾಡಿಸುವುದು ಆ ಪಾಠದ ಒಂದು ಭಾಗ. ಮೊದಲ ಎರಡು ವರ್ಷ ಈ ಕೆಲಸ ನನ್ನ ಕೈಯಲ್ಲಿ ಸರಿಯಾಗಿ ನಡೆಯಲಿಲ್ಲ. ಆತ್ಮವಿಶ್ವಾಸ, ಧ್ವನಿ, ಭಾಷಾಶುದ್ಧಿ, ಹಾವಭಾವ ಎಂದು ಹತ್ತು ಅಂಶಗಳ ಅಚ್ಚಿನ ನಮೂನೆ ಹಂಚುತ್ತಿದ್ದೆ. ಒಂದೊಂದಕ್ಕೂ ಹತ್ತು ಅಂಕ. ಮರಳಿ ಬಂದ ಹಾಳೆಗಳಲ್ಲಿ ಎಂಟು, ಒಂಬತ್ತು ಬಿಟ್ಟರೆ ಬೇರೆ ಅಂಕಿಯೇ ಕಾಣುತ್ತಿರಲಿಲ್ಲ. ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಗೌರವಿಸಿದ ಹಿರಿಯರಿಗೆ ಐದು ಅಂಕ ಹಾಕಲು ನಮ್ಮ ಮಕ್ಕಳಿಗೆ ಕೈ ಬರುವುದಿಲ್ಲ, ಅದು ಅವರ ತಪ್ಪಲ್ಲ. ನಮೂನೆಯೇ ಸರಿಯಿರಲಿಲ್ಲ. ಆತ್ಮವಿಶ್ವಾಸವೆಂಬುದು ಯಾರ ಕಣ್ಣಿಗೂ ಬೀಳುವ ವಸ್ತುವಲ್ಲ. ಕಣ್ಣಿಗೆ ಬೀಳುವುದು ಮಾತನಾಡುವವರು ಎಲ್ಲಿ ನೋಡುತ್ತಿದ್ದರು, ಕೈ ಎಲ್ಲಿತ್ತು, ಎಲ್ಲಿ ತಡೆದು ನಿಂತರು ಎಂಬುದು. ಆದ್ದರಿಂದ 2024ರಲ್ಲಿ ಗಮನಿಸುವ ಕೆಲಸವನ್ನೂ ಅಂಕ ಕೊಡುವ ಕೆಲಸವನ್ನೂ ಬೇರ್ಪಡಿಸಿದೆ.

ಆ ವರ್ಷ ಬಂದವರು ತಿಪಟೂರು ಕಡೆಯ ಹಿರಿಯ ತೆಂಗು ಬೆಳೆಗಾರರು; ವಿಷಯ ಕೊಬ್ಬರಿ ಮತ್ತು ಅದರ ಮಾರಾಟ. ಅತಿಥಿಗೆ ತಿಳಿಸದೆ ಅವರ ಮಾತನ್ನು ಅಳೆಯುವುದು ಸಭ್ಯತೆಯಲ್ಲವೆಂದು ಒಂದು ವಾರ ಮೊದಲೇ ಫೋನ್ ಮಾಡಿ ಅನುಮತಿ ಕೇಳಿದೆ. "ಮೇಷ್ಟ್ರೇ, ಇಷ್ಟು ವರ್ಷ ಮಂಡಿಯಲ್ಲಿ ಮಾತಾಡಿದೀನಿ, ಯಾರೂ ನಂಬರ್ ಹಾಕಿಲ್ಲ. ಹುಡುಗರು ಹಾಕ್ಲಿ ಬಿಡಿ" ಎಂದರು. ವಿದ್ಯಾರ್ಥಿಗಳು ಮನೆಗೆ ಒಯ್ಯಲೇಬೇಕಾದ ಒಂದು ಮಾತು ಯಾವುದೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡೆ: ಚೆನ್ನಾಗಿ ಒಣಗುವ ಮೊದಲು ಅವಸರಕ್ಕೆ ಬಿದ್ದು ಮಾರಬಾರದು. ಈ ಒಂದು ವಾಕ್ಯ ಕೈಯಲ್ಲಿರದೆ ಹೋಗಿದ್ದರೆ ಮುಂದಿನ ಮೌಲ್ಯಮಾಪನಕ್ಕೆ ಆಧಾರವೇ ಇರುತ್ತಿರಲಿಲ್ಲ.

1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ, ಸದಸ್ಯರು ಭಾಷಣ ಮಾಡಿ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಸಮಯ ನೋಡುವವರು, ಅನಗತ್ಯ ಉದ್ಗಾರಗಳನ್ನು ಎಣಿಸುವವರು, ಭಾಷೆಯನ್ನು ಗಮನಿಸುವವರು ಬೇರೆ ಬೇರೆಯಾಗಿರುತ್ತಾರೆ. ಎಲ್ಲರೂ ಎಲ್ಲವನ್ನೂ ನೋಡಲು ಹೋದರೆ ಯಾರೂ ಏನನ್ನೂ ನೋಡಿರುವುದಿಲ್ಲವಾದ್ದರಿಂದ ಆ ಕೆಲಸ ಹಂಚಿಕೆಯನ್ನು ನಾನು ಎರವಲು ಪಡೆದೆ. ಒಂದು ಗುಂಪಿಗೆ ಸಮಯ, ಒಂದಕ್ಕೆ ಪದಗಳು, ಒಂದಕ್ಕೆ ನೋಟ ಮತ್ತು ಕೈ, ಒಂದಕ್ಕೆ ವಿಷಯದ ಜೋಡಣೆ. ಐದನೆಯದನ್ನು ನಾನೇ ಸೇರಿಸಿದೆ: ಇಬ್ಬರು ವಿದ್ಯಾರ್ಥಿಗಳು ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ತಿರುಗಿಸಿಕೊಂಡು ಅತಿಥಿಯನ್ನಲ್ಲ, ಕೇಳುಗರನ್ನು ನೋಡಬೇಕು, ಯಾವ ನಿಮಿಷದಲ್ಲಿ ತಲೆಗಳು ಮೇಲೆದ್ದವು, ಯಾವಾಗ ಡೆಸ್ಕಿನ ಕೆಳಗೆ ಮೊಬೈಲ್ ಹೊರಬಂತು ಎಂದು ಗಡಿಯಾರ ನೋಡಿ ಬರೆಯಬೇಕು. ಉಳಿದೆಲ್ಲ ಟಿಪ್ಪಣಿಗಳಿಗಿಂತ ಈ ಇಬ್ಬರ ಹಾಳೆಯಿಂದ ನಾನು ಕಲಿತದ್ದು ಹೆಚ್ಚು.

ಅತಿಥಿಗಳು ಪ್ರಾಂಶುಪಾಲರಿಂದ ಹಿಡಿದು ಎಲ್ಲರನ್ನೂ ಹೆಸರು ಹಿಡಿದು ಸಂಬೋಧಿಸಿ, ತಾವು ಬರೆದು ತಂದಿದ್ದ ಗ್ರಾಂಥಿಕ ಕನ್ನಡದಲ್ಲಿ ಪೀಠಿಕೆ ಓದಿದರು. ಅದಕ್ಕೆ ಆರು ನಿಮಿಷ ಹಿಡಿಯಿತು. ಏಳನೆಯ ನಿಮಿಷದಲ್ಲಿ ಚೀಟಿ ಮಡಚಿ ಜೇಬಿಗಿಟ್ಟು, "ನಮ್ಮನೆ ಅಟ್ಟದ ಮೇಲೆ ಕಾಯಿ ಹೆಂಗಿರ್ತದೆ ಗೊತ್ತಾ?" ಎಂದು ಕೇಳಿದಾಗ ಇಡೀ ತರಗತಿಯ ತಲೆ ಒಟ್ಟಿಗೆ ಮೇಲೆದ್ದಿತೆಂದು ಗೋಡೆಯ ಪಕ್ಕದವರು ಬರೆದಿದ್ದರು. ಉಂಡೆ ಕೊಬ್ಬರಿಗಾಗಿ ಕಾಯನ್ನು ಹೆಚ್ಚುಕಡಿಮೆ ವರ್ಷದವರೆಗೆ ಅಟ್ಟದಲ್ಲಿ ಇಡುವುದನ್ನೂ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುವುದನ್ನೂ ವಿವರಿಸಿ, ಚೀಲದಿಂದ ಒಂದು ಕಾಯಿ ತೆಗೆದು ಮುಂದಿನ ಸಾಲಿನ ಹುಡುಗಿಯ ಕಿವಿಯ ಬಳಿ ಅಲ್ಲಾಡಿಸಿದರು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಎಂದವರು ಅಲ್ಲಿಗೇ ಬಿಡದೆ, ಕೆ.ಜಿ.ಗೆ 120 ಎಂದು ಬಿಡಿಸಿ ಹೇಳಿದರು. ದೊಡ್ಡ ಅಂಕಿಯನ್ನು ಕೇಳುಗರ ಅಳತೆಗೆ ಇಳಿಸಿದ ಈ ಕ್ರಮವನ್ನು ಜೋಡಣೆಯ ಗುಂಪು ಸರಿಯಾಗಿಯೇ ಗುರುತಿಸಿತು.

ತೊಡಕು ಬಂದದ್ದು ಪದಗಳ ಗುಂಪಿನಿಂದ. ಅವರು "ಅಂದರೆ" ಎಂಬುದನ್ನು 63 ಸಲ ಎಣಿಸಿ ದೊಡ್ಡ ದೋಷವೆಂದು ಬರೆದಿದ್ದರು. ಧ್ವನಿಮುದ್ರಿಕೆಯನ್ನು ಮತ್ತೆ ಹಾಕಿ ಒಂದೊಂದನ್ನೂ ಪರಿಶೀಲಿಸಿದೆವು. ಅರ್ಧಕ್ಕಿಂತ ಹೆಚ್ಚು ಕಡೆ ಆ ಪದ ನಿಜವಾಗಿಯೂ ಒಂದು ವಿವರಣೆಗೆ ಬಾಗಿಲು ತೆರೆಯುತ್ತಿತ್ತು: "ಗಿಟುಕು, ಅಂದರೆ ಒಣಗಿದ ಇಡೀ ಕೊಬ್ಬರಿ" ಎಂಬಂತೆ. ಮುಂದೇನು ಹೇಳಬೇಕೆಂದು ಹೊಳೆಯದೆ ಜಾಗ ತುಂಬಿದ "ಅಂದರೆ" ಬೇರೆ. ಎಣಿಕೆ ಸಾಲದು, ಆ ಪದ ಅಲ್ಲಿ ಏನು ಕೆಲಸ ಮಾಡಿತೆಂದು ಬರೆಯಬೇಕೆಂಬ ನಿಯಮ ಆ ದಿನ ಹುಟ್ಟಿತು.

ಇನ್ನೊಬ್ಬ ವಿದ್ಯಾರ್ಥಿ, ಅತಿಥಿಗಳು "ಹಣ" ಎನ್ನುವಲ್ಲಿ "ಅಣ" ಎಂದರೆಂದು ಭಾಷಾಶುದ್ಧಿಯಲ್ಲಿ ಅಂಕ ಕಳೆಯಬೇಕೆಂದ. ಇದರ ಮೇಲೆ ಒಂದು ಇಡೀ ಪೀರಿಯಡ್ ಚರ್ಚೆ ನಡೆಯಿತು, ನಾನು ಅದನ್ನು ಮೊಟಕುಗೊಳಿಸಲಿಲ್ಲ. ಹಕಾರ ಬಿಟ್ಟು ಮಾತನಾಡುವುದು ನಮ್ಮ ಸುತ್ತಲಿನ ಎಷ್ಟೋ ಮನೆಗಳ ನುಡಿ; ಆ ಹುಡುಗನ ಅಜ್ಜಿಯೂ ಹಾಗೆಯೇ ಮಾತನಾಡುತ್ತಾರೆಂದು ಅವನೇ ಒಪ್ಪಿಕೊಂಡ. ವಾರ್ತೆ ಓದುವವರಿಂದ ಹಕಾರವನ್ನು ನಿರೀಕ್ಷಿಸುವುದು ನ್ಯಾಯ, ಏಕೆಂದರೆ ಅದು ಅವರ ವೃತ್ತಿಯ ಕರಾರು. ಬೆಳೆಗಾರರೊಬ್ಬರು ತಮ್ಮ ಅನುಭವ ಹೇಳುವಾಗ ಕೇಳಬೇಕಾದದ್ದು, ಆ ಉಚ್ಚಾರಣೆಯಿಂದ ಯಾರಿಗಾದರೂ ಅರ್ಥ ತಪ್ಪಿತೇ ಎಂಬುದನ್ನಷ್ಟೆ. ಯಾರಿಗೂ ತಪ್ಪಿರಲಿಲ್ಲ. ಭಾಷಾಶುದ್ಧಿ ಎಂಬ ಅಂಶವನ್ನೇ ಹೊಡೆದುಹಾಕಿ "ಅರ್ಥಸ್ಪಷ್ಟತೆ" ಎಂದು ಬರೆದೆವು. ತಮ್ಮ ಮನೆಮಾತಿಗೆ ನಾಚಿ ವೇದಿಕೆ ಹತ್ತದ ಮಕ್ಕಳನ್ನು ಪ್ರತಿ ವರ್ಷ ನೋಡುವ ನನಗೆ ಈ ತಿದ್ದುಪಡಿ ತುಂಬ ಮುಖ್ಯವಾದದ್ದು.

ಚರ್ಚೆಗೆ ಇನ್ನೊಂದು ಕಟ್ಟುಪಾಡು ಹಾಕಿದ್ದೆ: ನಿಮಿಷ ಹೇಳದೆ ಗುಣವನ್ನಾಗಲಿ ದೋಷವನ್ನಾಗಲಿ ಹೇಳುವಂತಿಲ್ಲ. "ಚೆನ್ನಾಗಿತ್ತು ಸರ್" ಎಂದವರಿಗೆ "ಎಷ್ಟನೆಯ ನಿಮಿಷದಲ್ಲಿ?" ಎಂದು ಕೇಳಿದರೆ ಅವರು ತಮ್ಮ ಟಿಪ್ಪಣಿಯನ್ನು ತಿರುವಿ ನೋಡಲೇಬೇಕಾಗುತ್ತಿತ್ತು.

ಮರುದಿನ ಖಾಲಿ ಹಾಳೆ ಕೊಟ್ಟು, ನೆನಪಿರುವ ಮೂರು ಸಂಗತಿಗಳನ್ನು ಬರೆಯಲು ಹೇಳಿದೆ. ಅಟ್ಟವೂ ಅಲ್ಲಾಡಿಸಿದ ಕಾಯಿಯೂ ಬಹುತೇಕ ಎಲ್ಲ ಹಾಳೆಗಳಲ್ಲಿ ಇದ್ದವು. ಅವಸರಕ್ಕೆ ಮಾರಬಾರದೆಂಬ, ಅತಿಥಿಗಳು ಬಹುಮುಖ್ಯವೆಂದುಕೊಂಡಿದ್ದ ಮಾತು ಮಾತ್ರ ಕೆಲವರ ಹಾಳೆಗಳಲ್ಲಷ್ಟೇ ಇತ್ತು. ಅದನ್ನು ಅವರು ಕೊನೆಯ ಎರಡು ನಿಮಿಷಗಳಲ್ಲಿ, ಬೆಲ್ ಹೊಡೆದ ಮೇಲೆ ಹೇಳಿದ್ದರು. ಕಾಯಿಯ ಸದ್ದು ಹಿಂದಿನ ಸಾಲುಗಳಿಗೆ ಕೇಳಿಸಿರಲಿಲ್ಲವೆಂಬುದೂ ಆಗಲೇ ತಿಳಿದದ್ದು. ಇಷ್ಟೆಲ್ಲ ಆದ ಮೇಲೆ ಹಾಕಿದ ಅಂಕಗಳು ನಾಲ್ಕರಿಂದ ಒಂಬತ್ತರವರೆಗೆ ಹರಡಿಕೊಂಡಿದ್ದವು, ಪ್ರತಿಯೊಂದರ ಪಕ್ಕದಲ್ಲೂ ಕಾರಣವಿತ್ತು.

ಅಂಕಗಳನ್ನು ಅತಿಥಿಗಳಿಗೆ ಕಳಿಸಲಿಲ್ಲ. ಮಕ್ಕಳ ಮನಸ್ಸಿನಲ್ಲಿ ಏನು ಉಳಿಯಿತೆಂಬುದನ್ನು ಮೊದಲು ಬರೆದು, ಪೀಠಿಕೆಯನ್ನು ಬಿಟ್ಟು ಅಟ್ಟದಿಂದಲೇ ಆರಂಭಿಸಬಹುದೆಂದೂ, ಮುಖ್ಯವಾದ ಮಾತನ್ನು ಕಾಯಿ ಕೈಯಲ್ಲಿರುವಾಗಲೇ ಹೇಳಬಹುದೆಂದೂ ಕಾಗದದಲ್ಲಿ ಸೂಚಿಸಿದೆ. ಮರುವರ್ಷ ಅವರನ್ನು ಮತ್ತೆ ಕರೆದಾಗ ಚೀಟಿ ತಂದಿರಲಿಲ್ಲ. ನಮಸ್ಕಾರ ಹೇಳಿದವರೇ ಕಾಯನ್ನು ಮೈಕಿನ ಮುಂದೆ ಹಿಡಿದು ಅಲ್ಲಾಡಿಸಿ, "ಹಿಂದಿನವರಿಗೆ ಕೇಳಿಸ್ತಾ? ಈ ಸದ್ದು ಬರೋತನಕ ಮಾರಬೇಡಿ" ಎಂದರು.