ಮೊದಲು ಹಾಡು, ಆಮೇಲೆ ಕೋಟೆ: ದುರ್ಗದ ಎರಡು ದಿನದ ಪ್ರವಾಸ ಕೊನೆಗೂ ಕೈಹಿಡಿಯಿತು

ಚಿತ್ರದುರ್ಗಕ್ಕೆ ಬರುವವರು ಎರಡು ಗಂಟೆ ಕೋಟೆ ಹತ್ತುತ್ತಾರೆ. ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಹಂಪಿ ಕಡೆಗೋ ಗೋವಾ ಕಡೆಗೋ ಗಾಡಿ ತಿರುಗಿಸುತ್ತಾರೆ. ಪ್ರವಾಸ ನಡೆಸುವ ನಮಗೆಲ್ಲ ಇದು ಗೊತ್ತಿರುವ ಸಂಗತಿ. ಹಾಗಾಗಿ "ಒಂದು ರಾತ್ರಿ ಉಳಿಸ್ತೀನಿ, ಹಾಡು ಕೇಳಿಸ್ತೀನಿ, ದಾವಣಗೆರೆ ಹರಿಹರ ಮುಟ್ಟಿಸಿ ಕಳಿಸ್ತೀನಿ" ಎಂದಾಗ ಟೆಂಪೊ ಸ್ಟ್ಯಾಂಡಿನ ಗೆಳೆಯರು ಯಾರೂ ನಂಬಲಿಲ್ಲ. "ದುರ್ಗದಲ್ಲಿ ಹಾಡು ಎಲ್ಲಿದೆ? ಇಲ್ಲಿರೋದು ಕಲ್ಲು" ಎಂದರು ಒಬ್ಬರು. ಲಾಡ್ಜಿನ ಮಾಲೀಕರೊಬ್ಬರು ಅಡ್ವಾನ್ಸ್ ಪೂರ್ತಿ ಕೊಟ್ಟರೆ ಮಾತ್ರ ರೂಮು ಎಂದು ಕೂತರು. ಈಗ ಎರಡು ಸೀಸನ್‌ನಿಂದ ಗುಂಪು ತುಂಬುತ್ತಿದೆ. ಹಿಂದೆ ಬಂದವರು ತಮ್ಮ ನೆಂಟರನ್ನು ಕಳಿಸುತ್ತಿದ್ದಾರೆ. ಹೇಗಾಯಿತು ಎಂದು ಕೇಳುವವರು ಜಾಸ್ತಿ ಆದ್ದರಿಂದ ಬರೆಯುತ್ತಿದ್ದೇನೆ.

ಗೆದ್ದದ್ದು ಒಂದೇ ಬದಲಾವಣೆಯಿಂದ. ಎಲ್ಲರೂ ಕೋಟೆ ಮೊದಲು ತೋರಿಸುತ್ತಾರೆ, ರಾತ್ರಿ ಮನರಂಜನೆ ಎಂದು ಹಾಡು ಇಡುತ್ತಾರೆ. ನಾನು ಹಾಡನ್ನು ಮೊದಲ ಸಂಜೆಗೆ ತಂದೆ, ಕೋಟೆಯನ್ನು ಮರುದಿನ ಬೆಳಗ್ಗೆಗೆ ತಳ್ಳಿದೆ. ಕೇಳಿ, ಉಂಡು, ಮಲಗಿ ಎದ್ದವರು ನೋಡುವ ಕೋಟೆಯೇ ಬೇರೆ. ಇಲ್ಲಿಗೆ ಬರುವ ಹೊತ್ತಿಗೆ ಕೈಯಿಂದ ಹೋದ ದುಡ್ಡು ಸುಮಾರು 40 ಸಾವಿರ.

ಮೊದಲ ಪ್ರಯತ್ನ ಊರೊಳಗಿನ ಒಂದು ಸಣ್ಣ ಹಾಲ್‌ನಲ್ಲಿ. ಭಜನೆ ಮೇಳ ಕರೆಸಿದ್ದೆ. ಹಾರ್ಮೋನಿಯಂ, ತಬಲ, ದಮ್ಮಡಿ, ತಾಳ ಎಲ್ಲ ಇತ್ತು. ಸೌಂಡ್ ಸೆಟ್‌ಗೆ ನಾಲ್ಕು ಸಾವಿರ, ಹಾಲ್‌ಗೆ ಎರಡೂವರೆ, ಮೇಳಕ್ಕೆ ಏಳರ ಹತ್ತಿರ. ಮೈಕ್ ಬಂದ ಕೂಡಲೇ ಹಾಡುವವರ ಗಂಟಲು ಬದಲಾಯಿತು. ತತ್ವಪದ ಹೇಳುವವರು ಎರಡನೇ ಹಾಡಿಗೇ ಸಿನಿಮಾ ಧಾಟಿಗೆ ಇಳಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಬೆಂಗಳೂರಿನವರು ಅರ್ಧ ಗಂಟೆಗೆ ಫೋನ್ ತೆಗೆದರು. ಅವರನ್ನೂ ದೂರುವಂತಿಲ್ಲ. ಬೆಳಗ್ಗೆಯಿಂದ ಕೋಟೆ ಹತ್ತಿ ಇಳಿದು ಕಾಲು ನೋಯುತ್ತಿತ್ತು. ಎಂಟು ಗಂಟೆಗೆ ಅರ್ಧ ಜನ ತೂಕಡಿಸುತ್ತಿದ್ದರು.

ಆಮೇಲೆ ಕೋಟೆ ಮೇಲೇ ಹಾಡಿಸೋಣ ಎಂದು ಹೊರಟೆ. ಅನುಮತಿಗೆ ಅಲೆದಾಟ ಶುರುವಾಯಿತು. ಅರ್ಜಿ ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚಳಿಗಾಲವೇ ಮುಗಿಯಿತು. ವಾದ್ಯ ಇಲ್ಲದೆ ಇಬ್ಬರು ಹಾಡುಗಾರರನ್ನು ಸುಮ್ನೆ ಟಿಕೆಟ್ ತೆಗೆದು ಕರೆದುಕೊಂಡು ಹೋದೆ. ಮಧ್ಯಾಹ್ನದ ಗಾಳಿಗೆ ಪದವೆಲ್ಲ ಹಾರಿ ಹೋಯಿತು. ದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ.

ಆದರೆ ಆ ಸಲ ಒಂದು ಲಾಭ ಆಯಿತು. ಕೋಟೆಯೊಳಗೆ ಎಲ್ಲೆಲ್ಲಿ ದನಿ ನಿಲ್ಲುತ್ತದೆ, ಎಲ್ಲಿ ಸಾಯುತ್ತದೆ ಎಂದು ಚಪ್ಪಾಳೆ ತಟ್ಟಿ ನೋಡುತ್ತಾ ಹೋದೆವು. ಸಂಪಿಗೆ ಸಿದ್ದೇಶ್ವರ ಗುಡಿಯ ಬಯಲಿನಲ್ಲಿ ದನಿ ಚದುರುತ್ತದೆ. ಏಕನಾಥೇಶ್ವರಿ ಗುಡಿಯ ಕಡೆ ಬಂಡೆ ಹಿಂದೆ ನಿಂತರೆ ತುಸು ಸಿಗುತ್ತದೆ. ಎರಡು ಬಂಡೆಗಳ ನಡುವೆ ಒಂದು ಜಾಗ ಇದೆ. ಅಲ್ಲಿ ಪಿಸುಗುಟ್ಟಿದರೂ ಹತ್ತು ಮಾರು ಆಚೆ ಕೇಳುತ್ತದೆ. ಅದು ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಕೋಟೆಯಲ್ಲಿ ನಾಲ್ಕು ಬೆಳಗ್ಗೆ ಕಳೆದರೆ ನಿಮಗೂ ಸಿಗುತ್ತದೆ.

ಹಾಡು ಇರುವ ಕಡೆಗೇ ಜನರನ್ನು ಕರೆದೊಯ್ಯಬೇಕು ಎಂದು ತಲೆಗೆ ಬಂದದ್ದು ಆಮೇಲೆ. ನಮ್ಮ ಜಿಲ್ಲೆಯ ದೊಡ್ಡ ಆಸ್ತಿ ದನ ಕುರಿ ಕಾಯುವ ಕಾಡುಗೊಲ್ಲರ, ಮ್ಯಾಸಬೇಡರ ಹಾಡು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡು ಬದುಕಿದವರು. ಅಂಥ ಗಂಟಲು ಹಟ್ಟಿಗಳಲ್ಲಿ ಇನ್ನೂ ಇದೆ. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆ, ಮ್ಯಾಸಬೇಡರ ವೀರ ಗಾದ್ರಿ ಪಾಲನಾಯಕನ ಕಥೆ, ಸೋಬಾನೆ ಪದ ಎಲ್ಲ ಸಿಗುತ್ತದೆ. ಜುಂಜಪ್ಪನ ಗಣೆ ಊದುವವರು ಮಾತ್ರ ಕಡಿಮೆ ಆಗುತ್ತಿದ್ದಾರೆ. ಗಣೆ ಎಂದರೆ ಮಾಮೂಲಿ ಕೊಳಲಿಗಿಂತ ತುಂಬ ಉದ್ದದ ಬಿದಿರಿನ ಕೊಳಲು. ದನಿ ದಪ್ಪ, ಉಸಿರು ಬೆರೆತದ್ದು. ಮೊದಲ ಸಲ ಕೇಳಿದವರು ಮಾತು ನಿಲ್ಲಿಸುತ್ತಾರೆ. ಇದನ್ನು ನಾನು ಗುಂಪು ಗುಂಪಿನಲ್ಲೂ ನೋಡಿದ್ದೇನೆ.

ಯಾವ ಹಟ್ಟಿ ಎಂದು ಹೇಳುವುದಿಲ್ಲ. ದುರ್ಗದಿಂದ ಒಂದು ಗಂಟೆಯೊಳಗಿನ ದಾರಿ ಅಷ್ಟೇ. ಒಂದೇ ಹಟ್ಟಿಗೆ ಎಲ್ಲರೂ ಗಾಡಿ ನುಗ್ಗಿಸಿದರೆ ಎರಡೇ ವರ್ಷದಲ್ಲಿ ಅಲ್ಲೂ ಮೈಕ್ ಬರುತ್ತದೆ. ಆದರೆ ಹೋಗುವ ರೀತಿ ಹೇಳುತ್ತೇನೆ. ಮೊದಲು ಒಬ್ಬರೇ ಹೋಗಿ. ಹಿರಿಯರ ಹತ್ತಿರ ಕೂತು ಮಾತಾಡಿ. ಕಾರ್ಯಕ್ರಮ, ಶೋ ಎಂಬ ಮಾತು ಬಾಯಿಗೆ ಬರಬಾರದು. ದೇವರ ಜಾಗದ ಹತ್ತಿರ ಚಪ್ಪಲಿ ಬಿಡಿ. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಅವರನ್ನೇ ಕೇಳಿ. ದುಡ್ಡನ್ನು ಎಲೆ ಅಡಿಕೆ ಮೇಲಿಟ್ಟು ಕೊಡಿ, ಹಾಡುವ ಮೊದಲೇ ಕೊಡಿ. ಮುಗಿದ ಮೇಲೆ ಚೌಕಾಸಿ ಮಾಡುವವರಿಂದಲೇ ಹಟ್ಟಿಯವರು ಬೇಸತ್ತಿದ್ದಾರೆ. ನಾನು ಆರು ಸಾವಿರದಿಂದ ಶುರು ಮಾಡಿದೆ, ಈಗ ಎಂಟರ ಹತ್ತಿರ ಕೊಡುತ್ತೇನೆ. ಮೊದಲ ಒಂದು ಗಂಟೆ ಯಾರೂ ಫೋನ್ ಎತ್ತುವಂತಿಲ್ಲ. ಈ ನಿಯಮ ಕೇಳಿ ಬುಕಿಂಗ್ ಬಿಟ್ಟವರಿದ್ದಾರೆ. ಬಿಡಲಿ.

ಊಟವೂ ಅಲ್ಲೇ. ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ಚಳ್ಳಕೆರೆ ಸೀಮೆಯ ಶೇಂಗಾ ರುಚಿ ಬೇರೆ, ಅದನ್ನು ಒರಳಲ್ಲೇ ಅರೆಯಬೇಕು. ಮುದ್ದೆ ನುಂಗಲು ಬಾರದವರಿಗೆ ಅಂತ ಮೊದಲು ಅನ್ನ, ಪಲಾವ್ ಮಾಡಿಸುತ್ತಿದ್ದೆ. ಪಲಾವ್ ಇದ್ದರೆ ಎಲ್ಲರೂ ಪಲಾವೇ ತಿನ್ನುತ್ತಾರೆ. ನಿಲ್ಲಿಸಿದೆ. ಈಗ ಮುದ್ದೆ, ಸ್ವಲ್ಪ ಅನ್ನ, ಮಜ್ಜಿಗೆ ಅಷ್ಟೇ. ಒಬ್ಬರೂ ಹಸಿದು ಎದ್ದಿಲ್ಲ.

ಹಟ್ಟಿಗೆ ಹೋಗುವ ಮೊದಲು, ಮಧ್ಯಾಹ್ನ ಮೂರೂವರೆಗೆ ಕೋಟೆ ಗುಡ್ಡದ ಪಕ್ಕದ ಚಂದ್ರವಳ್ಳಿ. ಬಿಸಿಲು ಆಗ ಬಂಡೆ ಆಚೆ ಹೋಗಿರುತ್ತದೆ. ಭೈರವೇಶ್ವರ ಗುಡಿ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆಯ ಕೆಲಸದ ಬಗ್ಗೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದು ನೋಡಿದ್ದರು ಎಂದು ಹೇಳಿ ಮುಗಿಸುತ್ತೇನೆ, ಜಾಸ್ತಿ ಎಳೆಯುವುದಿಲ್ಲ. ಇಲ್ಲಿ ನನ್ನ ಕೆಲಸ ಅಂಕಲಿ ಮಠದ ಗುಹೆಯಲ್ಲಿ. ಒಳಗೆ ಕೋಣೆ ಮೇಲೆ ಕೋಣೆ, ಗಾಢ ಕತ್ತಲು. ಟಾರ್ಚ್ ಆರಿಸಿ, ನಮ್ಮ ಜೊತೆ ಬರುವ ಹುಡುಗನಿಂದ ಒಂದೇ ಒಂದು ತತ್ವಪದ ಹಾಡಿಸುತ್ತೇನೆ. ತಾಳ ಇಲ್ಲ, ಶ್ರುತಿ ಪೆಟ್ಟಿಗೆ ಇಲ್ಲ. ತಗ್ಗು ಸ್ವರದಲ್ಲಿ ಹಾಡಿದರೆ ಗೋಡೆಯೇ ಗುಂಯ್‌ಗುಡುತ್ತದೆ, ತಾರಕಕ್ಕೆ ಹೋದರೆ ಒಡೆಯುತ್ತದೆ. ಹೆಣ್ಣು ದನಿ, ಗಂಡು ದನಿ, ಕೊಳಲು ಮೂರನ್ನೂ ಇಟ್ಟು ನೋಡಿದೆ. ಗಂಡು ದನಿಯೇ ಚೆನ್ನ. ಯಾವ ಕೋಣೆ, ಯಾವ ಮೂಲೆಗೆ ಮುಖ ಮಾಡಿ ಹಾಡಬೇಕು ಎಂಬುದು ನನ್ನ ಹತ್ತಿರವೇ ಇರಲಿ. ಉಬ್ಬಸ ಇರುವವರನ್ನು, ಇಕ್ಕಟ್ಟಿಗೆ ಹೆದರುವವರನ್ನು ಒಳಗೆ ಒಯ್ಯಬೇಡಿ.

ಮರುದಿನ ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೆ ಕೋಟೆ. ಒಳಗೆ ನಾನು ಕಥೆ ಹೇಳುವುದು ಕಡಿಮೆ. ರಾತ್ರಿ ದನ ಕಾಯುವವರ, ಬೇಡರ ಕಥೆ ಹಾಡಿನಲ್ಲಿ ಕೇಳಿ ಬಂದಿರುತ್ತಾರೆ. ಬೇಡರ ಕುಲದ ದುರ್ಗದ ಪಾಳೇಗಾರರು ಎಲ್ಲಿಂದ ಎದ್ದು ಬಂದರು ಎಂದು ಪಾಠ ಮಾಡಬೇಕಾಗಿಲ್ಲ. 1779ರಲ್ಲಿ ಹೈದರಾಲಿ ಕೈಗೆ ಕೋಟೆ ಹೋಯಿತು ಎಂದಾಗ ಜನ ನಿಜವಾಗಿ ಮೌನವಾಗುತ್ತಾರೆ. ಹಳೆಯ ಕ್ರಮದಲ್ಲಿ ಇದೇ ಮಾತು ಹೇಳಿದರೆ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು.

ಕಟ್ಟಡದ ವಿಚಾರದಲ್ಲಿ ಮೂರೇ ಕಡೆ ನಿಲ್ಲುತ್ತೇನೆ. ಒಂದು, ಬಾಗಿಲುಗಳ ತಿರುವು. ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗದ ಹಾಗೆ ದಾರಿ ಮುರಿದಿದ್ದಾರೆ. ಬಾಯಲ್ಲಿ ಹೇಳುವುದಿಲ್ಲ, ಓಡಿಬನ್ನಿ ಎನ್ನುತ್ತೇನೆ. ನಾಲ್ಕು ಹೆಜ್ಜೆಗೇ ಗೋಡೆ ಎದುರಾಗುತ್ತದೆ. ಎರಡು, ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಹಾಗೇ ಇಳಿಯುತ್ತಾ ಊರಿನ ಸಂತೆ ಹೊಂಡದವರೆಗೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಗುಡ್ಡದ ಮೇಲೆ ಊರು ಬದುಕಿದ್ದು ಈ ಲೆಕ್ಕಾಚಾರದಿಂದ. ನನಗೆ ಏಳು ಸುತ್ತಿನ ಗೋಡೆಗಿಂತ ಇದೇ ದೊಡ್ಡದು. ಮೂರು, ಮಣ್ಣಿನ ಗೋಡೆಗಳು. ಅರಮನೆ, ಟಂಕಸಾಲೆ ಕಡೆಯ ಮಣ್ಣಿನ ಗೋಡೆಗಳು ಇಷ್ಟು ಮಳೆಗಾಲ ಕಂಡೂ ನಿಂತಿವೆ. ಕಲ್ಲಿನ ಕೋಟೆ ನೋಡಲು ಬಂದವರು ಮಣ್ಣಿನ ಗೋಡೆ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಸಿಡಿಮದ್ದು ಬೀಸುವ ಕಲ್ಲು, ಓಬವ್ವನ ಕಿಂಡಿ ಹೇಗೂ ದಾರಿಯಲ್ಲಿ ಬರುತ್ತವೆ.

ಒಂಬತ್ತೂವರೆಗೆ ಇಳಿದು ನೇರ ದಾವಣಗೆರೆ, 60 ಕಿಲೋಮೀಟರ್. ದುರ್ಗದಲ್ಲಿ ಬಾಳೆಹಣ್ಣು, ಚಹಾ ಬಿಟ್ಟು ಏನೂ ಕೊಡುವುದಿಲ್ಲ. ಕೋಟೆ ಹತ್ತಿದ ಹಸಿವು ಹೊಟ್ಟೆಯಲ್ಲಿ ಇರುವಾಗಲೇ ಬೆಣ್ಣೆ ದೋಸೆ ಬೀಳಬೇಕು. ತಿಂಡಿ ತಿನ್ನಿಸಿ ಕರೆದೊಯ್ದ ಗುಂಪು ಒಂದೊಂದು ದೋಸೆಗೆ ಕೈ ತೊಳೆದಿತ್ತು. ಹಸಿದ ಗುಂಪು ತಲೆಗೆ ಮೂರರಂತೆ ಖಾಲಿ ಮಾಡುತ್ತದೆ.

ದೋಸೆಗೂ ನಾಟಕಕ್ಕೂ ಇಲ್ಲಿ ನಂಟು ಇದೆ. 1928ರ ಸುಮಾರಿಗೆ ಚೆನ್ನಮ್ಮ ಎಂಬುವರು ಸಾವಳಗಿ ನಾಟಕ ಥಿಯೇಟರ್ ಹತ್ತಿರ ರಾಗಿ ದೋಸೆ ಮಾಡಿ ಮಾರುತ್ತಿದ್ದರು, ಅವರ ಮಕ್ಕಳು ಆಮೇಲೆ ಅಕ್ಕಿ, ಮಂಡಕ್ಕಿ, ಬೆಣ್ಣೆಗೆ ತಿರುಗಿಸಿದರು ಎಂಬುದು ಊರಿನಲ್ಲಿ ಹೇಳುವ ಕಥೆ. ಕಂಪನಿ ನಾಟಕದ ಊರು ಇದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ದೋಸೆ ತಿಂದು ಮೇಲೇಳುವ ಮೊದಲು, ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಒಬ್ಬ ಹಿರಿಯರಿಂದ ಎರಡು ರಂಗಗೀತೆ ಹೇಳಿಸುತ್ತೇನೆ. ಅವರಿಗೆ ಸಾವಿರದೈನೂರು ಕೊಡುತ್ತೇನೆ. ನನ್ನ ಖರ್ಚಿನಲ್ಲಿ ಇಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಮನೆಯಲ್ಲೂ ಬೆಣ್ಣೆ ದೋಸೆ ಮಾಡಿ ನೋಡಿದೆ. ಅಕ್ಕಿ ನಾಲ್ಕು ಪಾವು, ಉದ್ದು ಒಂದು, ಮಂಡಕ್ಕಿ ಎರಡು, ಒಂದು ಚಮಚ ಮೆಂತ್ಯ. ಗ್ಯಾಸ್ ಒಲೆ ಮೇಲೆ ಬಣ್ಣ ಬಂತು, ಗರಿ ಬರಲಿಲ್ಲ. ಸೌದೆ ಒಲೆ, ದಪ್ಪ ಕಬ್ಬಿಣದ ಹಂಚು ಇಟ್ಟಾಗ ಗರಿ ಬಂತು. ಬೆಣ್ಣೆಯನ್ನು ಬೇಯುವಾಗ ಒಮ್ಮೆ, ತೆಗೆಯುವಾಗ ಒಮ್ಮೆ ಹಾಕಬೇಕು. ಪಲ್ಯಕ್ಕೆ ಅರಿಶಿನ ಬೇಡ.

ಮಧ್ಯಾಹ್ನ ಬಿಸಿಲಿಗೆ ಮಂಡಕ್ಕಿ ಭಟ್ಟಿ. ಭಟ್ಟಿ ಹಚ್ಚಿದೆಯೋ ಇಲ್ಲವೋ ಮೊದಲೇ ಫೋನ್ ಮಾಡಿ ಕೇಳಿ, ಆರಿದ ಭಟ್ಟಿ ನೋಡಿ ಪ್ರಯೋಜನ ಇಲ್ಲ. ಕಾದ ಮರಳಿನಲ್ಲಿ ಅಕ್ಕಿ ಸಿಡಿದು ಅರಳುವುದನ್ನು ನೋಡಿದ ಮೇಲೆ, ಖಾರ ಹಚ್ಚಿದ ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದೆ ಬಂದರೆ ತಿನ್ನುವ ರೀತಿಯೇ ಬೇರೆ. ಒಂದು ಪೊಟ್ಟಣ ಮನೆಗೂ ಕಟ್ಟಿಸಿಕೊಳ್ಳುತ್ತಾರೆ.

ನಾಲ್ಕೂವರೆಗೆ ಹರಿಹರ. ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಬೆಳಗ್ಗೆ ಬಂಡೆಯನ್ನೇ ಗೋಡೆ ಮಾಡಿಕೊಂಡ ದುರ್ಗ ಕಂಡ ಕಣ್ಣು ಸಂಜೆ ಹೊಯ್ಸಳರ ನುಣುಪಾದ ಕಂಬ ಕಾಣುತ್ತದೆ. ಗಟ್ಟಿ ಕಲ್ಲಿನಲ್ಲಿ ಏನು ಸಾಧ್ಯ, ಮೆತ್ತನೆ ಕಲ್ಲಿನಲ್ಲಿ ಏನು ಸಾಧ್ಯ ಎಂದು ಗೈಡ್ ಹೇಳಬೇಕಾಗಿಲ್ಲ. ಸಂತೆಬೆನ್ನೂರು ಪುಷ್ಕರಣಿಯನ್ನೂ ಸೇರಿಸಿ ನೋಡಿದೆ. ಜಾಗ ಅದ್ಭುತ, ಆದರೆ ಅದೇ ದಿನಕ್ಕೆ ತುರುಕಿದರೆ ಹರಿಹರ ಕತ್ತಲಾಗುತ್ತದೆ. ಮೂರನೇ ದಿನ ಉಳಿಯುವವರಿಗೆ ಮಾತ್ರ.

ಲೆಕ್ಕ ಕೇಳುವವರಿಗೆ: ಹತ್ತು ಜನರ ಗುಂಪು, ತಲೆಗೆ 4,200ರ ಹತ್ತಿರ. ಟೆಂಪೊ ಟ್ರಾವೆಲರ್, ಡ್ರೈವರ್ ಭತ್ಯೆ ಸೇರಿ 13-14 ಸಾವಿರ. ರೂಮಿಗೆ ಏಳು. ಹಾಡುವವರೆಲ್ಲರಿಗೂ ಸೇರಿ ಹತ್ತೂವರೆ. ಊಟ ತಿಂಡಿ ಐದರಿಂದ ಆರು. ಕೋಟೆ ಟಿಕೆಟ್ ತಲೆಗೆ 25ರ ಲೆಕ್ಕ. ನನಗೆ ಉಳಿಯುವುದು ನಾಲ್ಕೈದು ಸಾವಿರ. ಎಂಟಕ್ಕಿಂತ ಕಡಿಮೆ ಜನ ಆದರೆ ಕೈಯಿಂದ ಹೋಗುತ್ತದೆ. ಹನ್ನೆರಡಕ್ಕಿಂತ ಜಾಸ್ತಿ ಆದರೆ ಹಟ್ಟಿಯಲ್ಲಿ ಕೂರುವುದೇ ಸಂತೆ ಆಗುತ್ತದೆ. ಹಾಡುವವರ ದುಡ್ಡಲ್ಲಿ ಉಳಿಸೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಮಾರ್ಚ್‌ನಿಂದ ಮೇವರೆಗೆ ನಾನು ಗುಂಪು ತೆಗೆದುಕೊಳ್ಳುವುದಿಲ್ಲ, ಬಂಡೆ ಕಾದಿರುತ್ತದೆ. ಈ ನವೆಂಬರ್‌ಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವ ಸೇರಿಸಿ ಒಂದು ಗುಂಪು ಮಾಡುತ್ತಿದ್ದೇನೆ. ಅಲ್ಲಿಯದೇ ನಾಟಕ ತಂಡವಾದ ಶಿವಸಂಚಾರದವರ ವಚನ ಗಾಯನ ಕೇಳಿಸಿ, ಮರುದಿನ ಕೋಟೆ. ದರ ಐದು ಸಾವಿರದ ಆಸುಪಾಸು ಬೀಳಬಹುದು. ಅಡ್ವಾನ್ಸ್ ಕೇಳಿದ ಲಾಡ್ಜಿನವರೇ ಈ ಸಲ ಫೋನ್ ಮಾಡಿ ಐದು ರೂಮು ಹಿಡಿದಿಟ್ಟಿದ್ದಾರೆ.