ಕೆಂಚಿಯನ್ನು ಹುಡುಕಿದ ಮೂರು ರಾತ್ರಿ

ಬೆಳಿಗ್ಗೆ ನೀರು ಬದಲಿಸಲು ಹೋದರೆ ಕೆಂಚಿಯನ್ನು ಇಟ್ಟಿದ್ದ ಟ್ಯಾಂಕಿನ ಮುಚ್ಚಳ ಒಂದು ಮೂಲೆಯಲ್ಲಿ ಬೆರಳಷ್ಟು ಎದ್ದಿತ್ತು. ರಾತ್ರಿ ನಾನು ಒಂದು ಕ್ಲಿಪ್ ಹಾಕಲು ಮರೆತಿದ್ದೆ. ಕೆಂಚಿ ನಾವು ಸಾಕಿದ ಕಾರ್ನ್ ಸ್ನೇಕ್. ವಿಷವಿಲ್ಲದ ಹಾವು, ಎರಡಡಿ ಉದ್ದ, ಕಿರುಬೆರಳಿನಷ್ಟು ದಪ್ಪ. ತಲೆ ತೂರಿದಲ್ಲಿ ಅವಳ ಇಡೀ ಮೈ ತೂರುತ್ತದೆ.

ಮೊದಲು ಟ್ಯಾಂಕನ್ನೇ ಪೂರ್ತಿ ಖಾಲಿ ಮಾಡಿದೆ. ಎಷ್ಟೋ ಸಲ ಹಾವು ತಳಕ್ಕೆ ಹಾಸಿದ ಹೊಟ್ಟಿನ ಅಡಿಯಲ್ಲೇ ಮಲಗಿರುತ್ತದೆ. ಇರಲಿಲ್ಲ. ರೂಮಿನ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ತುರುಕಿದೆ. ಬಚ್ಚಲಿನ ತೂತು ಮುಚ್ಚಿದೆ. ನೋಡದೆ ಕುರ್ಚಿ ಎಳೆಯಬೇಡಿ, ಬಟ್ಟೆ ರಾಶಿಯನ್ನು ಕೊಡವದೆ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ ಅಂತ ಮನೆಯವರಿಗೆಲ್ಲ ಹೇಳಿದೆ.

ಆಮೇಲೆ ಮಾಡಿದ್ದು ತಪ್ಪು. ಗಾಬರಿಯಲ್ಲಿ ಇಡೀ ದಿನ ಮಂಚ, ಕಪಾಟು ಎಳೆದಾಡಿದೆ. ಫ್ರಿಜ್ ಹಿಂದೆ ಬೆಚ್ಚಗಿರುತ್ತದೆ ಅಂತ ಅಡುಗೆಮನೆಯನ್ನೂ ಬಿಡಲಿಲ್ಲ. ನೆಲದ ಅದುರು ಹಾವಿಗೆ ಮೈಯಿಂದಲೇ ಗೊತ್ತಾಗುತ್ತದೆ. ಇಷ್ಟು ಸದ್ದು ಮಾಡಿದರೆ ಅದು ಇನ್ನೂ ಒಳಕ್ಕೆ ಸರಿಯುತ್ತದೆ, ಅಲ್ವಾ? ಅದೂ ಅಲ್ಲದೆ ಕಾರ್ನ್ ಸ್ನೇಕ್ ಜಾಸ್ತಿ ಓಡಾಡುವುದು ಕತ್ತಲಾದ ಮೇಲೆ. ಹಗಲಲ್ಲಿ ನಾನು ಹುಡುಕುತ್ತಿದ್ದದ್ದು ಮಲಗಿರುವ ಹಾವನ್ನು.

ರಾತ್ರಿ ಬುದ್ಧಿ ಬಂತು. ಹಾವು ಬಯಲಲ್ಲಿ ಹೋಗುವುದು ಕಡಿಮೆ, ಗೋಡೆಗೆ ಒತ್ತಿಕೊಂಡು ಹೋಗುತ್ತದೆ. ಅದಕ್ಕೇ ಗೋಡೆಯುದ್ದಕ್ಕೂ ಒಂದು ಗೇಣು ಅಗಲ ತೆಳ್ಳಗೆ ಹಿಟ್ಟು ಉದುರಿಸಿದೆ. ಒಂದು ಮೂಲೆಯಲ್ಲಿ ನೀರಿನ ಬಟ್ಟಲು ಇಟ್ಟೆ. ಇನ್ನೊಂದು ಮೂಲೆಯಲ್ಲಿ ರಟ್ಟಿನ ಡಬ್ಬಿಗೆ ತೂತು ಮಾಡಿ, ಅಡಿಯಲ್ಲಿ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರುವ ಹೀಟ್ ಮ್ಯಾಟ್ (ಬೆಚ್ಚಗಾಗುವ ಹಾಸು) ಹಾಸಿದೆ. ಇಲಿ ಹಿಡಿಯುವ ಅಂಟಿನ ಹಲಗೆಯನ್ನು ಮಾತ್ರ ಯಾರೇ ಹೇಳಿದರೂ ಇಡಬೇಡಿ. ಬಿಡಿಸುವಾಗ ಚರ್ಮವೇ ಕಿತ್ತು ಬರಬಹುದು.

ಮೊದಲ ರಾತ್ರಿ ಏನೂ ಇಲ್ಲ. ಎರಡನೇ ರಾತ್ರಿ ಕಳೆದು ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಬಿಟ್ಟು ನೋಡಿದೆ. ಮೇಲಿಂದ ಕಾಣದಿದ್ದ ಗುರುತು ನೆರಳಲ್ಲಿ ಎದ್ದು ಕಂಡಿತು. ಯಾರೋ ಕಿರುಬೆರಳಿನಿಂದ ಅಂಕುಡೊಂಕಾಗಿ ಎಳೆದ ಹಾಗೆ ಒಂದು ಗೆರೆ. ಬಟ್ಟಲಿನ ತನಕ ಹೋಗಿ ವಾಪಸ್ ಬಂದಿತ್ತು. ಡಬ್ಬಿಯ ಕಡೆಗೆ ಹೋಗೇ ಇರಲಿಲ್ಲ. ಮನೆ ಬೆಚ್ಚಗಿದ್ದಾಗ ಅವಳಿಗೆ ಬೇಕಾದದ್ದು ನೀರು.

ಗೆರೆ ಮುಗಿದದ್ದು ಟ್ಯಾಂಕಿನ ಪಕ್ಕದ ಪುಸ್ತಕದ ಕಪಾಟಿನ ಹತ್ತಿರ. ಅದರ ಅಡಿಯನ್ನು ನಾನು ಮೊದಲ ದಿನವೇ ನೋಡಿದ್ದೆ. ಆದರೆ ಕೆಳಗಿನ ಹಲಗೆಯ ಒಳಗೆ ಟೊಳ್ಳಿದೆ, ಬದಿಯಲ್ಲಿ ವೈರ್ ಹೋಗಲು ಬಿಟ್ಟ ತೂತಿದೆ ಅನ್ನುವುದು ಹೊಳೆದಿರಲಿಲ್ಲ. ಟ್ಯಾಂಕಿನಿಂದ ಮೂರಡಿ ಅಷ್ಟೇ. ಅಡುಗೆಮನೆವರೆಗೂ ಹೋಗಿ ಬಂದಿದ್ದೆ!

ಕಪಾಟು ಬಿಚ್ಚಲಿಲ್ಲ. ಒಳಗೆ ಎಲ್ಲಿ ಸುತ್ತಿಕೊಂಡಿದ್ದಾಳೋ ಗೊತ್ತಿಲ್ಲ, ಹಲಗೆ ಸರಿಸಿದರೆ ಜಜ್ಜಿಹೋಗಬಹುದು. ಮೂರನೇ ರಾತ್ರಿ ದೀಪ ಆರಿಸಿ, ಮಂಕು ಕೆಂಪು ಬೆಳಕಿನಲ್ಲಿ ಅಲುಗಾಡದೆ ಕೂತೆ. ಹನ್ನೊಂದೂವರೆ ಹೊತ್ತಿಗೆ ತೂತಿನಿಂದ ನಾಲಿಗೆ ಬಂತು, ಆಮೇಲೆ ಮೂಗು. ಕೈ ಹಾಕಬೇಕು ಅನ್ನಿಸಿತು, ತಡೆದುಕೊಂಡೆ. ಅರ್ಧ ಮೈ ಒಳಗಿರುವಾಗ ಹಿಡಿದರೆ ಅದು ಒಳಕ್ಕೆ ಎಳೆಯುತ್ತದೆ, ನಾವು ಹೊರಕ್ಕೆ. ಬೆನ್ನುಮೂಳೆಗೆ ಪೆಟ್ಟಾಗಬಹುದು. ಬಾಲದ ತುದಿ ಹೊರಗೆ ಬರುವ ತನಕ ಕಾದು, ಮೊದಲು ತೂತಿಗೆ ಟವೆಲ್ ಒತ್ತಿ, ಆಮೇಲೆ ಎರಡೂ ಕೈಯಿಂದ ಮೈಯ ನಡುಭಾಗ ಹಿಡಿದು ಎತ್ತಿಕೊಂಡೆ. ಕೆಂಚಿ ಮಣಿಕಟ್ಟಿಗೆ ಸುತ್ತಿಕೊಂಡಳು. ಹೋದ ಜೀವ ಬಂದ ಹಾಗಾಯಿತು.

ಬಾಯಿಯ ಅಂಚಿಗೆ ಧೂಳಿನ ಎಳೆ ಅಂಟಿತ್ತು. ಒದ್ದೆ ಹತ್ತಿಯಿಂದ ಒರೆಸಿದೆ. ಹೊಟ್ಟೆ ಕಡೆಯ ಹುರುಪೆ ಒಂದೊಂದನ್ನೂ ನೋಡಿದೆ, ಗಾಯ ಇರಲಿಲ್ಲ. ಎರಡು ದಿನ ಮುಟ್ಟದೆ ಬಿಟ್ಟೆ. ಮೂರನೇ ದಿನ ಇಲಿಮರಿ ಕೊಟ್ಟಾಗ ತಕ್ಷಣ ಹಿಡಿದು ನುಂಗಿದಳು.