ಸರ್ಕಾರಿ ವೆಚ್ಚದ ಚಿಕಿತ್ಸೆ ನಿರಾಕರಿಸಿದರೆ ಮೇಲ್ಮನವಿ ಸಲ್ಲಿಸುವುದು ಹೇಗೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಕೇಳಿಕೊಂಡು ಹೋದ ಕುಟುಂಬಕ್ಕೆ ‘ನಿಮ್ಮ ಕಾರ್ಡಿಗೆ ಇದು ಬರುವುದಿಲ್ಲ’ ಎಂಬ ಉತ್ತರ ಬಹುಮಟ್ಟಿಗೆ ಆಸ್ಪತ್ರೆಯ ಕೌಂಟರಿನಲ್ಲಿ, ಬಾಯಿಮಾತಿನಲ್ಲಿ ಸಿಗುತ್ತದೆ. ಅದನ್ನೇ ಸರ್ಕಾರದ ತೀರ್ಮಾನವೆಂದು ನಂಬಿ, ಚಿನ್ನ ಅಡವಿಟ್ಟು, ಕೈಸಾಲ ಮಾಡಿ ಹಣ ಕಟ್ಟುವವರು ಅನೇಕರು. ನಿರಾಕರಿಸುವ ಅಧಿಕಾರ ಯಾರಿಗಿದೆಯೋ ಅವರು ಆ ಕಡತವನ್ನು ನೋಡಿಯೇ ಇರದ ಸಂದರ್ಭಗಳೂ ಉಂಟು. ಆದ್ದರಿಂದ ಮೇಲ್ಮನವಿ ಬರೆಯುವುದಕ್ಕೆ ಮುಂಚೆ ಕಂಡುಕೊಳ್ಳಬೇಕಾದದ್ದು ಒಂದಿದೆ: ಇಲ್ಲ ಎಂದವರು ಯಾರು, ಯಾವ ಕಾರಣಕ್ಕೆ? ಇದಕ್ಕೆ ಲಿಖಿತ ಉತ್ತರ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಯೋಜನೆ ಏನನ್ನು ಕೊಡುತ್ತದೆ?

ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆಯನ್ನು ಆರಂಭಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ಒಂದಾಯಿತು. ಜಾರಿಯ ಹೊಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಒಟ್ಟು ದರದ, ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಅದರ ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಎಪಿಎಲ್ ಚೀಟಿ ಇದ್ದವರಿಗೆ ಏನೂ ಸಿಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ; ಆ ಮಾತನ್ನು ಹೇಳಿ ವಾಪಸ್ ಕಳುಹಿಸಿದ್ದರೆ ಅದೂ ಪ್ರಶ್ನಿಸಬಹುದಾದ ನಿರಾಕರಣೆಯೇ.

ಚಿಕಿತ್ಸೆಗಳನ್ನು ಸರಳ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ ಮತ್ತು ತುರ್ತು ಎಂದು ವಿಂಗಡಿಸಲಾಗಿದೆ. ಆಸ್ಪತ್ರೆಯ ಸಿಬ್ಬಂದಿ ಇವುಗಳನ್ನು ಕ್ರಮವಾಗಿ ‘2ಎ’, ‘2ಬಿ’, ‘3ಎ’, ‘4ಎ’ ಎನ್ನುತ್ತಾರೆ. ಸರಳ ಚಿಕಿತ್ಸೆಗಳನ್ನು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯಬೇಕು. ಸಂಕೀರ್ಣ ಮತ್ತು ತೃತೀಯ ಹಂತದ ಚಿಕಿತ್ಸೆಗಳು ಅಲ್ಲಿ ಲಭ್ಯವಿಲ್ಲದಿದ್ದಾಗ ಮಾತ್ರ, ಸರ್ಕಾರಿ ವೈದ್ಯರ ರೆಫರಲ್ ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. ನಿಮ್ಮ ರೋಗಿಯ ಚಿಕಿತ್ಸೆ ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಕೇಳಿ, ಚಿಕಿತ್ಸೆಯ ಕೋಡ್ ಸಹಿತ ಬರೆದುಕೊಳ್ಳಿ. ಮುಂದಿನ ಎಲ್ಲ ಪತ್ರಗಳಲ್ಲೂ ಈ ಕೋಡ್ ಬೇಕಾಗುತ್ತದೆ.

ಇಲ್ಲ ಎಂದವರು ಯಾರು?

ತೊಡಕು ಮೊದಲು ಎದುರಾಗುವುದು ಪಡಿತರ ಚೀಟಿಯಲ್ಲಿ. ಯೋಜನೆಯ ಅರ್ಹತೆ ಆಹಾರ ಇಲಾಖೆಯ ದತ್ತಾಂಶವನ್ನು ಅವಲಂಬಿಸಿದೆ. ಚೀಟಿ ರದ್ದಾಗಿದ್ದರೆ, ಎಪಿಎಲ್‌ಗೆ ಬದಲಾಗಿದ್ದರೆ, ರೋಗಿಯ ಹೆಸರು ಚೀಟಿಯಲ್ಲಿ ಇಲ್ಲದಿದ್ದರೆ ಅಥವಾ ಆಧಾರ್‌ನಲ್ಲಿರುವ ಹೆಸರಿಗೆ ತಾಳೆಯಾಗದಿದ್ದರೆ ಆಸ್ಪತ್ರೆಯ ಗಣಕಯಂತ್ರ ‘ಅರ್ಹರಲ್ಲ’ ಎಂದು ತೋರಿಸುತ್ತದೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಅನೇಕ ಬಿಪಿಎಲ್ ಚೀಟಿಗಳು ರದ್ದಾಗಿ ಅಥವಾ ಎಪಿಎಲ್‌ಗೆ ಬದಲಾಗಿ ದೊಡ್ಡ ಗೊಂದಲವಾಯಿತು. ವಿರೋಧ ಬಂದ ಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರಿಗೆ ಮರಳಿಸುವುದಾಗಿ ಸರ್ಕಾರ ಹೇಳಿತು. ಚೀಟಿಯ ವರ್ಗ ಬದಲಾದ ಒಂದೇ ಕಾರಣಕ್ಕೆ 5 ಲಕ್ಷದ ಉಚಿತ ಚಿಕಿತ್ಸೆ ಶೇ 30ರ ನೆರವಿಗೆ ಇಳಿದುಬಿಡುತ್ತದೆ ಎಂಬುದನ್ನು ನೆನಪಿಡಬೇಕು. ಇಂಥ ಪ್ರಕರಣದಲ್ಲಿ ಆರೋಗ್ಯ ಇಲಾಖೆಗೆ ಅರ್ಜಿ ಕೊಟ್ಟು ಕಾಯುವುದು ವ್ಯರ್ಥ. ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಹೋಗಿ, ಆದಾಯ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ದಾಖಲೆಗಳ ಪ್ರತಿಯೊಂದಿಗೆ, ವೈದ್ಯಕೀಯ ತುರ್ತು ಇದೆ ಎಂದು ಸ್ಪಷ್ಟವಾಗಿ ಬರೆದು, ಚೀಟಿಯನ್ನು ಮರಳಿಸುವಂತೆ ಅಥವಾ ತಿದ್ದುವಂತೆ ಕೇಳಬೇಕು.

ಎರಡನೆಯ ತೊಡಕು ರೆಫರಲ್ ಪತ್ರದ್ದು. ಸರ್ಕಾರಿ ಆಸ್ಪತ್ರೆಯ ವೈದ್ಯರು ‘ಇಲ್ಲಿಯೇ ಮಾಡುತ್ತೇವೆ, ಕಾಯಿರಿ’ ಎಂದರೆ ಅದನ್ನು ನಿರಾಕರಣೆ ಎನ್ನಲಾಗದು. ಆದರೆ ಎಷ್ಟು ಕಾಲ ಕಾಯಬೇಕು, ಆ ಕಾಯುವಿಕೆ ರೋಗಿಗೆ ಸುರಕ್ಷಿತವೇ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯುವಂತೆ ವಿನಂತಿಸಬಹುದು. ದಿನಾಂಕ ಸಿಗದಿದ್ದರೆ, ಉಪಕರಣ ಕೆಟ್ಟಿದ್ದರೆ, ತಜ್ಞರು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ಮನವಿ ಕೊಡಬೇಕು. ಜಯದೇವ, ಕಿದ್ವಾಯಿಯಂಥ ಸರ್ಕಾರಿ ಸ್ವಾಯತ್ತ ಸಂಸ್ಥೆಗಳಿಗೆ ಕಳುಹಿಸಬಹುದೇ ಎಂದೂ ಅಲ್ಲಿಯೇ ವಿಚಾರಿಸಿ.

ಮೂರನೆಯದಾಗಿ, ನೋಂದಾಯಿತ ಖಾಸಗಿ ಆಸ್ಪತ್ರೆಯೇ ಚಿಕಿತ್ಸೆಗೆ ಅನುಮತಿ ಕೇಳುವ ಕೋರಿಕೆಯನ್ನು ಟ್ರಸ್ಟ್‌ಗೆ ಕಳುಹಿಸದೆ ‘ನಮ್ಮಲ್ಲಿ ಈ ಯೋಜನೆ ನಡೆಯುವುದಿಲ್ಲ’ ಎನ್ನಬಹುದು. ಎಲ್ಲ ಆಸ್ಪತ್ರೆಗಳೂ ಎಲ್ಲ ವಿಭಾಗಗಳಿಗೂ ನೋಂದಣಿಯಾಗಿರುವುದಿಲ್ಲವಾದ್ದರಿಂದ ಆ ಮಾತು ನಿಜವೂ ಇರಬಹುದು. ನಿಜವೋ ಅಲ್ಲವೋ ಎಂಬುದನ್ನು 104 ಆರೋಗ್ಯ ಸಹಾಯವಾಣಿಗೆ ಅಥವಾ ಆಯುಷ್ಮಾನ್ ಭಾರತ್‌ನ 14555ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನ ಮೇಲೆ ‘ವ್ಯತ್ಯಾಸದ ಹಣ’ ಕೇಳಿದರೆ ಅದು ನಿರಾಕರಣೆಗಿಂತ ಗಂಭೀರವಾದ ದೂರಿನ ವಿಷಯ.

ನಾಲ್ಕನೆಯದು, ಆಸ್ಪತ್ರೆ ಕೋರಿಕೆ ಕಳುಹಿಸಿದ ಮೇಲೆ ಟ್ರಸ್ಟ್‌ನ ವೈದ್ಯರು ಪೂರ್ವಾನುಮತಿಯನ್ನು (ಚಿಕಿತ್ಸೆಗೆ ಮುಂಚೆ ಪಡೆಯಬೇಕಾದ ಒಪ್ಪಿಗೆ) ತಿರಸ್ಕರಿಸುವುದು. ನಿಜವಾದ ಅರ್ಥದ ಮೇಲ್ಮನವಿ ಬೇಕಾಗುವುದು ಇಲ್ಲಿ.

ತಿರಸ್ಕಾರವನ್ನು ಬರಹದಲ್ಲಿ ಪಡೆಯಿರಿ

ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಪೂರ್ವಾನುಮತಿ ಕೋರಿಕೆಯ ಸಂಖ್ಯೆ, ಕಳುಹಿಸಿದ ದಿನಾಂಕ, ಬಳಸಿದ ಚಿಕಿತ್ಸಾ ಕೋಡ್ ಮತ್ತು ಟ್ರಸ್ಟ್‌ನ ಷರಾ, ಈ ನಾಲ್ಕನ್ನೂ ಪಡೆಯಿರಿ. ಮುದ್ರಿತ ಪ್ರತಿ ಕೊಡಲು ಒಪ್ಪದಿದ್ದರೆ ನೀವೇ ಒಂದು ಪುಟದ ಪತ್ರ ಬರೆದು, ‘ಈ ದಿನ, ಈ ಸಮಯದಲ್ಲಿ, ಈ ಕಾರಣ ಹೇಳಿ ಚಿಕಿತ್ಸೆ ನಿರಾಕರಿಸಲಾಗಿದೆ, ಇದು ತಪ್ಪಾಗಿದ್ದರೆ ಲಿಖಿತವಾಗಿ ತಿಳಿಸಬೇಕು’ ಎಂದು ಆಸ್ಪತ್ರೆಯ ಆಡಳಿತಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ.

ರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ ಹೇಳುತ್ತದೆ. ಹೀಗಾಗಿ ಕೇಸ್ ಶೀಟ್, ಸ್ಕ್ಯಾನ್ ವರದಿ, ರಕ್ತಪರೀಕ್ಷೆಯ ಫಲಿತಾಂಶಗಳನ್ನು ಕೇಳಲು ಹಿಂಜರಿಯಬೇಕಾಗಿಲ್ಲ.

ಷರಾವನ್ನು ಓದುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ‘ದಾಖಲೆ ಸಾಲದು’, ‘ವರದಿ ಅಸ್ಪಷ್ಟ’, ‘ಕೋಡ್ ಹೊಂದುವುದಿಲ್ಲ’ ಎಂಬಂಥ ಕಾರಣಗಳಿದ್ದರೆ ಮೇಲ್ಮನವಿಯ ಹಾದಿ ಹಿಡಿಯದೆ, ಕೊರತೆಯನ್ನು ತುಂಬಿ ಆಸ್ಪತ್ರೆಯಿಂದಲೇ ಮರುಕೋರಿಕೆ ಹಾಕಿಸುವುದು ಬೇಗನೆ ಫಲ ಕೊಡುತ್ತದೆ. ‘ಈ ಚಿಕಿತ್ಸೆ ವೈದ್ಯಕೀಯವಾಗಿ ಅಗತ್ಯವಿಲ್ಲ’, ‘ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂದಿದ್ದರೆ ಮಾತ್ರ ಮೇಲ್ಮನವಿ.

ಮೇಲ್ಮನವಿಯಲ್ಲಿ ಏನಿರಬೇಕು?

ನಮ್ಮ ಜನ ಅರ್ಜಿ ಬರೆಯುವಾಗ ಬಡತನವನ್ನೇ ವಿವರವಾಗಿ ಬರೆಯುತ್ತಾರೆ. ಅದು ಸಹಜ; ಆ ಸಂಕಟ ಸುಳ್ಳಲ್ಲ. ಆದರೆ ಕಡತ ನೋಡುವ ವೈದ್ಯರ ಮುಂದಿರುವ ಪ್ರಶ್ನೆ ಬಡತನದ್ದಲ್ಲ, ಏಕೆಂದರೆ ಬಿಪಿಎಲ್ ಚೀಟಿ ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದೆ. ಅವರಿಗೆ ಬೇಕಾಗಿರುವುದು, ತಾವು ತಿರಸ್ಕಾರಕ್ಕೆ ಕೊಟ್ಟ ಕಾರಣ ಏಕೆ ನಿಲ್ಲುವುದಿಲ್ಲ ಎಂಬುದರ ವಿವರಣೆ. ಆದ್ದರಿಂದ ಮೇಲ್ಮನವಿಯ ಜೀವಾಳ ಚಿಕಿತ್ಸೆ ನೀಡುತ್ತಿರುವ ತಜ್ಞರ ಪತ್ರ.

ಆ ಪತ್ರದಲ್ಲಿ ‘ಶಸ್ತ್ರಚಿಕಿತ್ಸೆ ಅಗತ್ಯವಿದೆ’ ಎಂಬ ಒಂದು ಸಾಲು ಸಾಲದು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆ ‘ಔಷಧಿಯಿಂದ ನಿಭಾಯಿಸಬಹುದು’ ಎಂಬ ಷರಾದೊಂದಿಗೆ ಅನುಮತಿ ತಪ್ಪಿದೆ ಎಂದಿಟ್ಟುಕೊಳ್ಳಿ. ಆಗ ತಜ್ಞರು ರೋಗಿಗೆ ಈವರೆಗೆ ಯಾವ ಔಷಧಿಗಳನ್ನು ಎಷ್ಟು ಕಾಲ ಕೊಡಲಾಗಿದೆ, ಅವುಗಳಿಂದ ಏಕೆ ಪ್ರಯೋಜನವಾಗಲಿಲ್ಲ, ಎಕೋ ವರದಿಯ ಯಾವ ಅಂಶ ಶಸ್ತ್ರಚಿಕಿತ್ಸೆಯನ್ನು ಬೇಡುತ್ತದೆ, ತಡವಾದರೆ ಯಾವ ಅಪಾಯವಿದೆ ಎಂಬುದನ್ನು ಬರೆದುಕೊಡಬೇಕು. ವೈದ್ಯರಿಗೆ ಬಿಡುವು ಕಡಿಮೆ. ತಿರಸ್ಕಾರದ ಷರಾವನ್ನು ಅವರ ಮುಂದಿಟ್ಟು, ‘ಸಾರ್, ಈ ಸಾಲಿಗೆ ಉತ್ತರ ಬರೆದುಕೊಡಿ’ ಎಂದು ನಿರ್ದಿಷ್ಟವಾಗಿ ಕೇಳಿದರೆ ಬೇಕಾದ ಪತ್ರ ಸಿಗುವ ಸಾಧ್ಯತೆ ಹೆಚ್ಚು.

ನಿಮ್ಮ ಅರ್ಜಿ ಎರಡು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲಿ ರೋಗಿಯ ಹೆಸರು, ಪಡಿತರ ಚೀಟಿ ಮತ್ತು ಆರೋಗ್ಯ ಕಾರ್ಡಿನ ಸಂಖ್ಯೆ, ಆಸ್ಪತ್ರೆ, ಕೋರಿಕೆ ಸಂಖ್ಯೆ ಇರಲಿ. ನಂತರ ನಡೆದದ್ದನ್ನು ದಿನಾಂಕಗಳ ಕ್ರಮದಲ್ಲಿ ಬರೆಯಿರಿ. ಆಮೇಲೆ ತಿರಸ್ಕಾರದ ಕಾರಣವನ್ನು ಇದ್ದ ಹಾಗೆಯೇ ಉಲ್ಲೇಖಿಸಿ, ಅದರ ಕೆಳಗೆ ನಿಮ್ಮ ಉತ್ತರವನ್ನೂ ತಜ್ಞರ ಪತ್ರದ ಮುಖ್ಯಾಂಶವನ್ನೂ ಕೊಡಿ. ಕೊನೆಯಲ್ಲಿ ಏನು ಬೇಕೆಂಬುದು ಖಚಿತವಾಗಿರಲಿ: ‘ತಿರಸ್ಕಾರವನ್ನು ರದ್ದುಪಡಿಸಿ ಪೂರ್ವಾನುಮತಿ ನೀಡಬೇಕು, ಸಾಧ್ಯವಿಲ್ಲದಿದ್ದರೆ ಕಾರಣಸಹಿತ ಲಿಖಿತ ಆದೇಶ ನೀಡಬೇಕು’. ಈ ಎರಡನೆಯ ಬೇಡಿಕೆಯನ್ನು ಬಿಡಬೇಡಿ. ಮುಂದಿನ ಹಂತಕ್ಕೆ ಹೋಗಲು ಆ ಆದೇಶವೇ ಆಧಾರ.

ಎಲ್ಲಿ ಕೊಡಬೇಕು?

ಟ್ರಸ್ಟ್‌ಗೆ ಪ್ರತಿ ಜಿಲ್ಲೆಯಲ್ಲೂ ಸಂಯೋಜಕರಿದ್ದಾರೆ. ಅವರನ್ನೂ ಜಿಲ್ಲಾ ಆರೋಗ್ಯಾಧಿಕಾರಿಯನ್ನೂ ಮೊದಲು ಭೇಟಿಯಾಗಬೇಕು. ಆಯುಷ್ಮಾನ್ ಭಾರತ್‌ನ ವ್ಯವಸ್ಥೆಯಲ್ಲಿ ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟದ ಕುಂದುಕೊರತೆ ನಿವಾರಣಾ ಸಮಿತಿಗಳಿವೆ. ಜಿಲ್ಲಾ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಸಮಿತಿಗೆ ಹೋಗಬಹುದು. ಆದೇಶ ಕೈಸೇರಿದ 30 ದಿನಗಳೊಳಗೆ ಹಾಗೆ ಮಾಡುವುದು ಕ್ಷೇಮ. ದೂರನ್ನು ಯೋಜನೆಯ ಜಾಲತಾಣದಲ್ಲಿ ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಕಾಗದದ ಅರ್ಜಿ ಕೊಟ್ಟವರೂ ಈ ಸಂಖ್ಯೆಯನ್ನು ಪಡೆದಿರುವುದು ಒಳ್ಳೆಯದು. ರಾಜ್ಯದ ಸಮಗ್ರ ಕುಂದುಕೊರತೆ ವ್ಯವಸ್ಥೆಯ 1902ಕ್ಕೂ ಕರೆ ಮಾಡಬಹುದು, ಆದರೆ ಅದು ಕಡತವನ್ನು ಚುರುಕುಗೊಳಿಸಲು ಮಾತ್ರ. ಸಮಿತಿಯ ಮುಂದಿನ ಮೇಲ್ಮನವಿಗೆ ಬದಲಿಯಲ್ಲ.

ಖಾಸಗಿ ಆಸ್ಪತ್ರೆಯ ನಡವಳಿಕೆಯ ಬಗ್ಗೆ ದೂರಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 2007ರ ಈ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ರೋಗಿಗಳ ಹಕ್ಕುಗಳ ಸನ್ನದು ಅದರ ಭಾಗವಾಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಾಕಿ ಹಣಕ್ಕಾಗಿ ಮೃತದೇಹವನ್ನು ಇಟ್ಟುಕೊಳ್ಳುವಂತಿಲ್ಲ.

ಹಣ ಕಟ್ಟುವ ಮುನ್ನ

ಈ ಯೋಜನೆ ನಗದುರಹಿತ ಚಿಕಿತ್ಸೆಯದು. ರೋಗಿ ತಾನೇ ಹಣ ಕಟ್ಟಿ, ಬಿಡುಗಡೆಯಾಗಿ, ಆಮೇಲೆ ಬಿಲ್ ತೋರಿಸಿ ಮರುಪಾವತಿ ಪಡೆಯಬಹುದೆಂದು ಭಾವಿಸುವುದು ಅಪಾಯಕಾರಿ. ಆದ್ದರಿಂದ ರೋಗಿ ದಾಖಲಾಗಿರುವಾಗಲೇ ಮೇಲ್ಮನವಿ ಹೋಗಬೇಕು. ಜೀವಕ್ಕೆ ಅಪಾಯವಿದ್ದು ಬೇರೆ ದಾರಿಯೇ ಇಲ್ಲದೆ ಹಣ ಕಟ್ಟಬೇಕಾಗಿ ಬಂದರೆ ಯಾರೂ ರೋಗಿಯನ್ನು ಕಾಯಿಸಬಾರದು. ಆದರೆ ಪ್ರತಿಯೊಂದು ಪಾವತಿಗೂ ರಸೀದಿ ಪಡೆದು, ‘ಯೋಜನೆಯಡಿ ಚಿಕಿತ್ಸೆ ಕೋರಿದ್ದೆವು, ನಿರಾಕರಿಸಿದ್ದರಿಂದ ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇವೆ’ ಎಂದು ಅದೇ ದಿನ ಲಿಖಿತವಾಗಿ ತಿಳಿಸಬೇಕು. ಅಕ್ರಮವಾಗಿ ಪಡೆದ ಹಣವನ್ನು ಆಸ್ಪತ್ರೆಯಿಂದ ಮರಳಿ ಕೊಡಿಸುವಂತೆ ಕೇಳಲು ಆಗ ಆಧಾರವಿರುತ್ತದೆ.

ಕಾರಣ ತಿಳಿಸದಿದ್ದರೆ

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಟ್ರಸ್ಟ್‌ನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ, ತಿರಸ್ಕಾರದ ಟಿಪ್ಪಣಿ ಮತ್ತು ಪರಿಶೀಲಿಸಿದ ವೈದ್ಯರ ಷರಾಗಳ ಪ್ರತಿ ಕೇಳಬಹುದು. ಸಾಮಾನ್ಯ ಗಡುವು 30 ದಿನ. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಅರ್ಜಿಯ ತಲೆಯಲ್ಲೇ ‘ಜೀವಕ್ಕೆ ಸಂಬಂಧಿಸಿದ್ದು, ಕಲಂ 7(1)’ ಎಂದು ಬರೆದು ವೈದ್ಯರ ಪತ್ರ ಲಗತ್ತಿಸಿ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ.

ನ್ಯಾಯಾಲಯದ ದಾರಿ

ಸಮಿತಿಗಳಿಂದ ಪರಿಹಾರ ಸಿಗದಿದ್ದರೆ, ಅಥವಾ ಕಾಯಲು ಸಮಯವೇ ಇಲ್ಲದಿದ್ದರೆ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸಬಹುದು. ಬೆಂಗಳೂರಲ್ಲದೆ ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿರುವುದರಿಂದ ಉತ್ತರದ ಜಿಲ್ಲೆಗಳವರು ರಾಜಧಾನಿಗೆ ಬರಬೇಕಾಗಿಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡ ಕೃಷಿ ಕಾರ್ಮಿಕರೊಬ್ಬರನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪು ಇಂದಿಗೂ ಆಧಾರವಾಗಿದೆ. ಸಕಾಲಿಕ ತುರ್ತು ಚಿಕಿತ್ಸೆ ದೊರೆಯದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ, ಹಣಕಾಸಿನ ಕೊರತೆಯನ್ನು ಮುಂದಿಟ್ಟು ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳಲಾಗದು ಎಂದು ಹೇಳಿದ ನ್ಯಾಯಾಲಯ, 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. 2018ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಆಸ್ಪತ್ರೆ ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ವೆಚ್ಚ ನಿರಾಕರಿಸುವಂತಿಲ್ಲ ಎಂದೂ ಅದು ಹೇಳಿದೆ. ಆದರೆ ಆ ತೀರ್ಪು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಗೆ ಸಂಬಂಧಿಸಿದ್ದು. ಆರೋಗ್ಯ ಕರ್ನಾಟಕಕ್ಕೆ ನೇರವಾಗಿ ಅನ್ವಯಿಸುತ್ತದೆಂದು ಭರವಸೆ ಇಟ್ಟುಕೊಳ್ಳುವ ಮುನ್ನ ವಕೀಲರನ್ನು ಕೇಳಬೇಕು.

ವಕೀಲರ ಶುಲ್ಕದ ಚಿಂತೆಯಿಂದ ಇಲ್ಲಿಗೇ ನಿಲ್ಲುವವರು ಹಲವರು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಉಳಿದವರಿಗೆ ನಿಗದಿತ ಆದಾಯ ಮಿತಿಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದಲ್ಲೇ ಇರುತ್ತದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಪಡಿತರ ಚೀಟಿ, ಆಧಾರ್, ತಿರಸ್ಕಾರದ ಪ್ರತಿ, ತಜ್ಞರ ಪತ್ರ, ಮುದ್ರೆ ಬಿದ್ದ ಅರ್ಜಿಗಳ ಪ್ರತಿಗಳು ಮತ್ತು ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದನ್ನು ಮೂಲ ದಾಖಲೆಗಳೊಂದಿಗೆ ನಿಮ್ಮಲ್ಲೇ ಇಟ್ಟುಕೊಳ್ಳಿ.